ಮೈಸೂರು ನೋಡಲು ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕಿನ ಮನೆಮಂದಿ, ಸ್ತ್ರೀಶಕ್ತಿ ಸಂಘಗಳು, ಯುವಕ ಸಂಘಗಳು ಹಾಗೂ ಶಾಲೆಗಳ ಗಮನಕ್ಕೆ

ರಾತ್ರಿ ಗಾಡಿ ಹತ್ತಬಾರದು

ನಮ್ಮ ಕಡೆ ಮೈಸೂರು ಟ್ರಿಪ್ ಎಂದರೆ ಒಂದೇ ನಮೂನೆ. ರಾತ್ರಿ ಊಟ ಮುಗಿಸಿ ಹತ್ತು ಗಂಟೆಗೆ ಟಿ.ಟಿ. ಹತ್ತುವುದು. ಬೆಳಗಿನ ಜಾವ ಶ್ರೀರಂಗಪಟ್ಟಣದಲ್ಲಿ ಹೊಳೆಸ್ನಾನ. ಅಲ್ಲಿಂದ ಬೆಟ್ಟ, ಝೂ, ಅರಮನೆ, ಸಂಜೆಗೆ ಕೆ.ಆರ್.ಎಸ್. ಕಾರಂಜಿ ನೋಡಿ ಒಂಬತ್ತಕ್ಕೆ ಹೊರಟರೆ ಬೆಳಗಾಗುವ ಹೊತ್ತಿಗೆ ಊರು. ಲಾಡ್ಜಿನ ಖರ್ಚು ಉಳಿಯಿತು, ಕೂಲಿ ಒಂದೇ ದಿನ ತಪ್ಪಿತು ಎಂಬ ಲೆಕ್ಕ. ಈ ಲೆಕ್ಕದಲ್ಲಿ ಡ್ರೈವರನ್ನು ಯಾರೂ ಹಿಡಿದಿರುವುದಿಲ್ಲ. ಹಿಂದಿನ ರಾತ್ರಿ ನಿದ್ದೆಗೆಟ್ಟು ಗಾಡಿ ಓಡಿಸಿದವನು, ಹಗಲೆಲ್ಲ ಪಾರ್ಕಿಂಗಿನ ಬಿಸಿಲಲ್ಲಿ ಸೀಟಿನ ಮೇಲೆ ಅರೆನಿದ್ದೆ ಮಾಡಿದವನು, ಮತ್ತೆ ರಾತ್ರಿ ಸ್ಟೇರಿಂಗ್ ಹಿಡಿಯುತ್ತಾನೆ. ಎಲ್ಲರೂ ಗೊರಕೆ ಹೊಡೆಯುವ ಹೊತ್ತಿನಲ್ಲಿ ಅವನೊಬ್ಬ ಎಚ್ಚರ ಇರಬೇಕು.

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟಿ.ಟಿ.ಯೊಂದು ಹಿಂದಿನಿಂದ ಗುದ್ದಿತು. 13 ಜನ ತೀರಿಕೊಂಡರು. ಅವರು ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ದೇವರ ದರ್ಶನ ಮಾಡಿಕೊಂಡು ಊರಿಗೆ ಮರಳುತ್ತಿದ್ದರು. ಎಮ್ಮೆಹಟ್ಟಿ ನಮಗೆ ದೂರದ ಊರಲ್ಲ. ಚನ್ನಗಿರಿ, ಹೊನ್ನಾಳಿಯ ಎಷ್ಟೋ ಮನೆಗಳಿಗೆ ಆ ಸೀಮೆಯಲ್ಲಿ ಬೀಗತನವಿದೆ. ಅಷ್ಟು ಹತ್ತಿರ ನಡೆದದ್ದನ್ನು ಕಂಡ ಮೇಲೂ ರಾತ್ರಿ ಹೊರಟು ರಾತ್ರಿ ಮರಳುವ ಪ್ರವಾಸವನ್ನು ಯಾರೂ ಗೊತ್ತುಮಾಡಬಾರದು. ಈ ಸೂಚನೆಯಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ನಾಲ್ಕೂ ಊರುಗಳಿಂದ ಮೈಸೂರಿಗೆ ರಸ್ತೆಯಲ್ಲಿ ಆರರಿಂದ ಎಂಟು ಗಂಟೆ ಹಿಡಿಯುತ್ತದೆ, ಜಗಳೂರಿನವರಿಗೆ ತುಸು ಹೆಚ್ಚು. ಬೆಳಿಗ್ಗೆ ಐದೂವರೆ, ಆರಕ್ಕೆ ಹೊರಡಿ. ಮಧ್ಯಾಹ್ನಕ್ಕೆ ಮುಟ್ಟುತ್ತೀರಿ. ಎರಡು ರಾತ್ರಿ ಮೈಸೂರಿನಲ್ಲಿ ಉಳಿಯಿರಿ. ಲಾಡ್ಜಿಗೆ ಆಗುವ ಖರ್ಚನ್ನು ಟ್ರಿಪ್ಪಿನ ಚೀಟಿ ಶುರುಮಾಡುವಾಗಲೇ ಸೇರಿಸಿ, ತಿಂಗಳಿಗೆ ಐವತ್ತೋ ನೂರೋ ಹೆಚ್ಚು ಹಾಕಿದರೆ ಯಾರಿಗೂ ಭಾರವಾಗದು. ಅಷ್ಟು ಹಣ ಕೂಡಿಬರಲಿಲ್ಲವೆಂದರೆ ಪ್ರವಾಸವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಅರಮನೆ ಅಲ್ಲೇ ಇರುತ್ತದೆ.

ಗಾಡಿ ಗೊತ್ತುಮಾಡುವಾಗ

ಹಳದಿ ಬೋರ್ಡಿನ ಗಾಡಿಯನ್ನೇ ಹಿಡಿಯಿರಿ. ಪರಿಚಯದ ಹುಡುಗನ ಬಿಳಿ ಬೋರ್ಡಿನ ಗಾಡಿ ಸಾವಿರ ರೂಪಾಯಿ ಕಡಿಮೆಗೆ ಬರುತ್ತದೆಂದು ಹತ್ತಬಾರದು. ಬಾಡಿಗೆಗೆ ಓಡಿಸಲು ಪರವಾನಗಿ ಇಲ್ಲದ ಗಾಡಿಗೆ ಅವಘಡವಾದರೆ ವಿಮೆಯ ಹಣಕ್ಕೆ ಕೋರ್ಟು ಅಲೆಯಬೇಕಾಗುತ್ತದೆ. ಪರ್ಮಿಟ್, ವಿಮೆ, ಎಫ್.ಸಿ. ಮೂರರ ಫೋಟೊ ತೆಗೆದು ಊರಿನಲ್ಲಿ ಉಳಿಯುವ ಒಬ್ಬರ ಮೊಬೈಲಿಗೆ ಕಳಿಸಿ. ಕೇಳಿದರೆ ಮಾಲೀಕ ಬೇಸರ ಮಾಡಿಕೊಂಡಾನೆಂಬ ಸಂಕೋಚ ಬೇಡ.

ಸೀಟು ಎಷ್ಟೋ ಜನ ಅಷ್ಟೇ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಡುವೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ತುಂಬಬಾರದು. ಡ್ರೈವರಿಗೆ ರಾತ್ರಿ ಮಲಗಲು ಹಾಸಿಗೆಯಿರುವ ಜಾಗ ಕೊಡುವುದು ನಿಮ್ಮ ಹೊಣೆ, ಗಾಡಿಯಲ್ಲೇ ಮಲಗು ಎನ್ನಬಾರದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನಿಗೆ ದಿನಕ್ಕೆ ಎಂಟು ಗಂಟೆ ಕೆಲಸ ಎನ್ನುತ್ತದೆ, ಐದು ಗಂಟೆಗೊಮ್ಮೆ ಅರ್ಧ ತಾಸು ಬಿಡುವು ಕೊಡಬೇಕೆನ್ನುತ್ತದೆ. ಅದನ್ನು ಪಾಲಿಸಿ. ಬೇಗ ಹೋಗಪ್ಪ ಎಂದು ಹಿಂದಿನ ಸೀಟಿನಿಂದ ಒತ್ತಾಯ ಮಾಡುವವರನ್ನು ಹಿರಿಯರು ಅಲ್ಲೇ ತಡೆಯಬೇಕು.

ಬಸ್ಸು, ರೈಲು

ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಬಾಡಿಗೆ ಗಾಡಿಯ ಗೋಜಿಗೆ ಹೋಗಬೇಡಿ. ಶಿವಮೊಗ್ಗದಿಂದ ಬೀರೂರು, ಅರಸೀಕೆರೆ, ಹಾಸನದ ಮೇಲೆ ಮೈಸೂರಿಗೆ ಹಗಲು ರೈಲಿದೆ. ನ್ಯಾಮತಿ, ಹೊನ್ನಾಳಿಯವರಿಗೆ ಇದಕ್ಕಿಂತ ಸುಖದ ದಾರಿ ಇನ್ನೊಂದಿಲ್ಲ. ಮುದುಕರು ಕಾಲು ಚಾಚಬಹುದು, ಮಕ್ಕಳು ಓಡಾಡಬಹುದು, ಶೌಚಾಲಯಕ್ಕೆ ಗಾಡಿ ನಿಲ್ಲಿಸಿ ಎಂದು ಹೆಂಗಸರು ಸಂಕೋಚಪಡುವುದು ತಪ್ಪುತ್ತದೆ. ಜಗಳೂರಿನವರಿಗೆ ದಾವಣಗೆರೆಯಿಂದ ನೇರ ರೈಲುಗಳಿವೆ. ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತದೆ, ದಿನ ಗೊತ್ತಾದ ಕೂಡಲೇ ಮಾಡಿಸಿ. ರಾತ್ರಿ ರೈಲಿನಲ್ಲಿ ಬರ್ತ್ ಸಿಕ್ಕರೆ ಅಡ್ಡಿಯಿಲ್ಲ. ಮೇಲಿನ ನಿಷೇಧ ರಸ್ತೆಗೆ ಹೇಳಿದ್ದು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಮೈಸೂರಿನ ಸಾಮಾನ್ಯ ನಗರ ಬಸ್ಸಿಗೂ ಇದು ಅನ್ವಯ. ರಾಜಹಂಸ, ಐರಾವತ, ಸ್ಲೀಪರ್ ಬಸ್ಸಿಗಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ, ಬ್ಯಾಗಿನ ತಳದಲ್ಲಿ ಸೀರೆಗಳ ಕೆಳಗೆ ಇಡಬೇಡಿ. ಶೂನ್ಯ ಮೊತ್ತದ್ದಾದರೂ ಟಿಕೆಟ್ ಪಡೆಯಲೇಬೇಕು, ಇಳಿಯುವತನಕ ಜೋಪಾನ ಮಾಡಬೇಕು. ಗಂಡುಮಕ್ಕಳ ವಯಸ್ಸು ಕಡಿಮೆ ಹೇಳಿ ಟಿಕೆಟ್ ತಪ್ಪಿಸಬಾರದು. ಮಕ್ಕಳ ಮುಂದೆಯೇ ಸುಳ್ಳು ಹೇಳುವುದು ಬೇರೆ ಯಾವ ನಷ್ಟಕ್ಕಿಂತ ದೊಡ್ಡದು.

ಮೈಸೂರಿನಲ್ಲಿ ಎರಡು ಬಸ್ ನಿಲ್ದಾಣಗಳಿವೆ ಎಂಬುದು ನೆನಪಿರಲಿ. ಊರಿಂದ ಬಂದಿಳಿಯುವುದು ಸಬರ್ಬನ್ ಎನ್ನುವ ಗ್ರಾಮಾಂತರ ನಿಲ್ದಾಣದಲ್ಲಿ. ಬೆಟ್ಟಕ್ಕೆ, ಕೆ.ಆರ್.ಎಸ್.ಗೆ ಬಸ್ಸು ಸಿಗುವುದು ಕೆ.ಆರ್. ವೃತ್ತದ ಹತ್ತಿರದ ನಗರ ನಿಲ್ದಾಣದಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಸಿಗೋಣ ಎಂದು ಮಾತಾಡಿಕೊಂಡು ಅರ್ಧ ಜನ ಅಲ್ಲಿ, ಅರ್ಧ ಜನ ಇಲ್ಲಿ ಕಾಯುವಂತಾಗಬಾರದು. ಯಾವ ನಿಲ್ದಾಣ, ಯಾವ ಗೇಟು ಎಂದು ಬಾಯಿಬಿಟ್ಟು ಹೇಳಿ.

ಯಾವಾಗ ಹೋಗಬೇಕು

ಶನಿವಾರ ಬೆಳಿಗ್ಗೆ ಹೊರಟು ಸೋಮವಾರ ಸಂಜೆ ಮರಳುವುದು ಎಲ್ಲಕ್ಕಿಂತ ಒಳ್ಳೆಯದು. ಅರಮನೆಗೆ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ, ದಸರೆಯಲ್ಲಿ ದಿನವೂ. ಝೂ ಮಂಗಳವಾರ ರಜೆ. ಹಬ್ಬದ ಕಾಲದಲ್ಲಿ ಮಂಗಳವಾರವೂ ತೆರೆಯುವುದುಂಟು, ಆದರೆ ವಿಚಾರಿಸದೆ ನಂಬಬೇಡಿ. ಮುನ್ನೂರು ಕಿಲೋಮೀಟರು ಹೋಗಿ ಮುಚ್ಚಿದ ಗೇಟಿನ ಮುಂದೆ ನಿಂತು ಅಳುವ ಮಗುವಿಗೆ ಯಾವ ಐಸ್‌ಕ್ರೀಮೂ ಸಮಾಧಾನ ಕೊಡದು.

ಅಡಿಕೆ ಕೊಯ್ಲಿನ ನಡುವೆ, ಮೆಕ್ಕೆಜೋಳ ಕಣದಲ್ಲಿ ಬಿದ್ದಿರುವಾಗ ಹೋಗಬೇಡಿ. ತೋಟ ಖೇಣಿ ಕೊಟ್ಟವರಿಗೆ ಬಿಡುವಿರಬಹುದು, ಸುಲಿಯಲು ಹೋಗುವ ಹೆಂಗಸರಿಗೆ ಅದೇ ದುಡಿಮೆಯ ಕಾಲ. ಸಂಘದ ಪ್ರವಾಸವಾದರೆ ಅವರ ಬಿಡುವನ್ನು ಕೇಳಿ ದಿನ ಗೊತ್ತುಮಾಡಿ. ಕೊಟ್ಟಿಗೆಯಲ್ಲಿ ದನವಿದ್ದರೆ ಮೇವು, ನೀರು, ಹಾಲು ಕರೆಯುವುದು ಯಾರ ಪಾಲಿಗೆ ಎಂದು ಹೆಸರು ಹಿಡಿದು ಒಪ್ಪಿಸಿ. ಎರಡು ದಿನ ಕರೆಂಟಿನ ಸರದಿ ತಪ್ಪಿ ತೋಟ ಒಣಗದಂತೆ ಮೋಟಾರಿನ ಜವಾಬ್ದಾರಿಯನ್ನೂ ಒಬ್ಬರಿಗೆ ವಹಿಸಿ.

ದಸರೆಗೆ ಹೋಗಲೇಬೇಕೆಂದರೆ ವಿಜಯದಶಮಿಯ ದಿನವನ್ನು ಬಿಟ್ಟು ಮೊದಲಿನ ದಿನಗಳಲ್ಲಿ ಹೋಗಿ. ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರು ದಾರಿಯ ಇಕ್ಕೆಲದಲ್ಲೂ ಬೆಳಗಿನಿಂದಲೇ ಜನ ಜಾಗ ಹಿಡಿದಿರುತ್ತಾರೆ. 750 ಕಿಲೋ ತೂಗುವ ಚಿನ್ನದ ಅಂಬಾರಿ ಕಣ್ಣಿಗೆ ಬೀಳುವುದು ಎರಡು ನಿಮಿಷ. ಅಷ್ಟಕ್ಕಾಗಿ ಎಳೆಗೂಸನ್ನು, ಬಸುರಿಯನ್ನು, ಬಿ.ಪಿ. ಇರುವವರನ್ನು ಏಳೆಂಟು ತಾಸು ಬಿಸಿಲಲ್ಲಿ ನಿಲ್ಲಿಸಬಾರದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಸಂಭ್ರಮಕ್ಕೆಂದು ಹೋದ ಎಳೆಯರೇ ಅವರಲ್ಲಿ ಹೆಚ್ಚು. ಕಿರಿದಾದ ಗೇಟಿನ ಹತ್ತಿರ ಜನ ಒತ್ತತೊಡಗಿದರೆ ಮುಂದೆ ನುಗ್ಗಬೇಡಿ, ಮಕ್ಕಳನ್ನು ಎತ್ತಿಕೊಂಡು ಪಕ್ಕಕ್ಕೆ ಸರಿಯಿರಿ. ಸವಾರಿಯನ್ನು ಮನೆಯ ಟಿ.ವಿ.ಯಲ್ಲಿ ನೋಡಿ, ದೀಪವನ್ನು ಮೈಸೂರಿಗೆ ಹೋಗಿ ನೋಡಿ.

ಏನು ನೋಡಬೇಕು, ಏನು ಬಿಡಬೇಕು

ಮೂರೇ ಜಾಗ ನೋಡಿ: ಝೂ, ಅರಮನೆ, ಚಾಮುಂಡಿ ಬೆಟ್ಟ. ಉಳಿದದ್ದೆಲ್ಲ ಹೊತ್ತು ಮಿಕ್ಕರೆ ಮಾತ್ರ. ಪಟ್ಟಿಯಲ್ಲಿ ಹನ್ನೆರಡು ಹೆಸರು ಬರೆದುಕೊಂಡು ಒಂದೊಂದರ ಮುಂದೆ ಫೋಟೊ ಹೊಡೆಸಿಕೊಂಡು ಓಡುವವರು ಮೈಸೂರನ್ನು ನೋಡಿದಂತಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಝೂ ಬಾಗಿಲು ತೆರೆಯುವಾಗಲೇ ಅಲ್ಲಿರಿ. ಹೊತ್ತೇರಿದರೆ ಪ್ರಾಣಿಗಳು ನೆರಳಿಗೆ ಹೋಗಿ ಮಲಗುತ್ತವೆ, ಜನ ಮಾತ್ರ ಕಾಣುತ್ತಾರೆ. 1892ರಲ್ಲಿ ಶುರುವಾದ ಈ ಚಾಮರಾಜೇಂದ್ರ ಮೃಗಾಲಯದಲ್ಲಿ ಒಂದು ಸುತ್ತಿಗೆ ಮೂರು ಕಿಲೋಮೀಟರಿನಷ್ಟು ನಡೆಯಬೇಕು. ಮಂಡಿನೋವಿನವರಿಗೆ ಬ್ಯಾಟರಿ ಗಾಡಿಯಿದೆ, ಮೊದಲೇ ಟಿಕೆಟ್ ತೆಗೆದುಕೊಳ್ಳಿ. 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳ ಮುಂದೆ ಮಕ್ಕಳನ್ನು ನಿಧಾನ ನಿಲ್ಲಿಸಿ. ಕೂಗುವುದು, ಕಲ್ಲೆಸೆಯುವುದು, ಮಂಡಕ್ಕಿ ಎರಚುವುದು ಕೂಡದು. ಪ್ಲಾಸ್ಟಿಕ್ ಚೀಲ, ಗುಟ್ಕಾ ಒಳಗೆ ಒಯ್ಯಬಾರದು. ಗೇಟಿನಲ್ಲಿ ತಪಾಸಣೆ ಮಾಡುವವರ ಜೊತೆ ಜಗಳಕ್ಕೆ ನಿಲ್ಲಬೇಡಿ.

ಅರಮನೆಗೆ ಮಧ್ಯಾಹ್ನದ ಊಟವಾದ ಮೇಲೆ ಹೋಗಿ. ಸಂಜೆ ಐದೂವರೆಗೆ ಒಳಗಿನ ವೀಕ್ಷಣೆ ಮುಗಿಯುತ್ತದೆ, ಮೂರು ಗಂಟೆಯೊಳಗೆ ಒಳಗಿದ್ದರೆ ಸರಿ. ಸಾರ್ವಜನಿಕರಿಗೆ ದಕ್ಷಿಣದ ವರಾಹ ದ್ವಾರದಿಂದ ಪ್ರವೇಶ. ಚಪ್ಪಲಿಗಳನ್ನೆಲ್ಲ ಒಂದು ಬಟ್ಟೆಚೀಲಕ್ಕೆ ಹಾಕಿ ಒಟ್ಟಿಗೆ ಒಪ್ಪಿಸಿ, ಟೋಕನ್ ಒಬ್ಬರ ಹತ್ತಿರವೇ ಇರಲಿ. ಇಪ್ಪತ್ತು ಜನ ಇಪ್ಪತ್ತು ಟೋಕನ್ ಇಟ್ಟುಕೊಂಡರೆ ಹೊರಬರುವಾಗ ಅರ್ಧ ಗಂಟೆ ಅಲ್ಲೇ ಕಳೆಯುತ್ತದೆ.

ಒಳಗೆ ಹೋಗುವ ಮುನ್ನ ಮಕ್ಕಳಿಗೆ ನಾಲ್ಕು ಮಾತು ಹೇಳಿ. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಈಗಿರುವುದನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದರು. ಕಟ್ಟಲು ಹದಿನೈದು ವರ್ಷ ಹಿಡಿಯಿತು. ಕಲ್ಯಾಣ ಮಂಟಪಕ್ಕೆ ಬಂದಾಗ ಗುಂಪನ್ನು ನಿಲ್ಲಿಸಿ ಎಲ್ಲರಿಗೂ ತಲೆ ಎತ್ತಲು ಹೇಳಿ. ಎಂಟು ಮೂಲೆಯ ಆ ಮಂಟಪದ ಮೇಲೆ ಬಣ್ಣದ ಗಾಜಿನಲ್ಲಿ ನವಿಲುಗಳಿವೆ. ಕೆಳಗೆ ನೆಲದಲ್ಲೂ ನವಿಲಿನ ಚಿತ್ತಾರವೇ, ಗೋಡೆಯ ಉದ್ದಕ್ಕೂ ಹಳೆಯ ದಸರಾ ಮೆರವಣಿಗೆಯ ಚಿತ್ರಗಳು. ಆನೆ, ಕುದುರೆ, ದಿವಾನರು, ರಸ್ತೆಬದಿಯ ಜನ, ಒಬ್ಬೊಬ್ಬರ ಮುಖವೂ ಬೇರೆ. ಫೋಟೊಗಳನ್ನು ಇಟ್ಟುಕೊಂಡು ಬರೆದ ಚಿತ್ರಗಳಾದ್ದರಿಂದ ಅವರಲ್ಲಿ ಹಲವರು ನಿಜವಾಗಿ ಇದ್ದವರು. ಇಲ್ಲಿ ಕಾಲು ಗಂಟೆ ಕೊಡಿ. ಹಿಂದಿನವರು ನೂಕಿದರೆ ಪಕ್ಕಕ್ಕೆ ಸರಿದು ದಾರಿ ಬಿಡಿ, ನೀವು ಮಾತ್ರ ಮುಂದೆ ಓಡಬೇಡಿ.

ಮೈಸೂರು ನಮಗೆ ಅನ್ಯರ ಊರಲ್ಲ ಎಂಬುದನ್ನೂ ಹೇಳಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿ ಇದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಅದಕ್ಕೂ ಮುಂಚೆ ಈ ಸೀಮೆಯೆಲ್ಲ ಮೈಸೂರು ಸಂಸ್ಥಾನ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾ ಪ್ರತಿನಿಧಿ ಸಭೆ ಕರೆದಂದಿನಿಂದ ತಾಲ್ಲೂಕುಗಳಿಂದ ರೈತ ಪ್ರತಿನಿಧಿಗಳು ದಸರೆಯ ಹೊತ್ತಿಗೆ ಮೈಸೂರಿಗೆ ಹೋಗುತ್ತಿದ್ದರು. ಕೆರೆ, ಕಂದಾಯ, ರಸ್ತೆಯ ಮಾತು ಆಡಲು ಹಳ್ಳಿಯವರು ಹೋದ ಊರದು. ಅಲ್ಲಿ ನಮ್ಮ ಮಕ್ಕಳು ಅಳುಕಿ ನಿಲ್ಲಬೇಕಾಗಿಲ್ಲ.

ಏಳು ಗಂಟೆಯ ಸುಮಾರಿಗೆ ದೀಪ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹತ್ತುವ ಆ ಕ್ಷಣಕ್ಕೆ ಕತ್ತಲಲ್ಲಿ ಕಾಯುತ್ತಿರಬೇಕು, ಹತ್ತಿದ ಮೇಲೆ ಓಡಿಬಂದರೆ ಸಾಲದು. ಆರೂವರೆಗೆಲ್ಲ ಅಂಗಳದಲ್ಲಿ ಕೂತಿರಿ. ಮೊಬೈಲನ್ನು ಎಲ್ಲರೂ ಎತ್ತಿ ಹಿಡಿಯುವುದು ಬೇಡ, ಗುಂಪಿಗೆ ಒಬ್ಬರು ಫೋಟೊ ತೆಗೆದರೆ ಸಾಕು.

ಚಾಮುಂಡಿ ಬೆಟ್ಟಕ್ಕೆ ಸೋಮವಾರ ಬೆಳಿಗ್ಗೆ. ಹರಕೆಯಿರುವವರು, ಗಟ್ಟಿಮುಟ್ಟಾದವರು ಸಾವಿರ ಮೆಟ್ಟಿಲು ಹತ್ತಲಿ. ಆರು ಗಂಟೆಗೆ ಶುರುಮಾಡಿದರೆ ಬಿಸಿಲಿಗೆ ಮುಂಚೆ ದೊಡ್ಡ ನಂದಿಯ ಹತ್ತಿರ ಸುಧಾರಿಸಿಕೊಳ್ಳಬಹುದು. ಉಳಿದವರು ಬಸ್ಸಿನಲ್ಲಿ ಹೋಗಿ, ಅದರಿಂದ ಭಕ್ತಿ ಕಡಿಮೆಯಾಗದು. ಕೈಯಲ್ಲಿ ಬಾಳೆಹಣ್ಣಿನ ಕವರು ಹಿಡಿದು ಮೆಟ್ಟಿಲು ಹತ್ತಬಾರದು, ಕೋತಿಗಳು ಮೈಮೇಲೆ ಬೀಳುತ್ತವೆ. ಆಷಾಢ ಶುಕ್ರವಾರಗಳಲ್ಲಿ ಖಾಸಗಿ ಗಾಡಿಗಳನ್ನು ಮೇಲೆ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಿಂದ ಸಾರಿಗೆ ಬಸ್ಸಿನಲ್ಲಿ ಹೋಗಬೇಕು. ಆ ದಿನ ಮುದುಕರನ್ನು ಕರೆದೊಯ್ಯಬೇಡಿ.

ಕೆ.ಆರ್.ಎಸ್. ಈ ಸಲ ಬಿಡಿ ಎಂಬುದೇ ನನ್ನ ಮಾತು. ಶಾಂತಿಸಾಗರದ ಏರಿಯ ಮೇಲೆ, ಭದ್ರಾ ಅಣೆಕಟ್ಟೆಯ ಮೇಲೆ ನಿಂತು ನೀರು ನೋಡಿದವರು ನಾವು. ಕಾರಂಜಿಗೆಂದು ಕತ್ತಲಲ್ಲಿ ಅಷ್ಟು ದೂರ ನಡೆದು, ಜನಜಂಗುಳಿಯಲ್ಲಿ ಗಾಡಿ ಹುಡುಕಿ ಬರುವುದು ಮಕ್ಕಳು ಮುದುಕರಿಗೆ ಶಿಕ್ಷೆ. ಶನಿವಾರ ಸಂಜೆ ಬೇಕೇಬೇಕೆಂದು ಹುಡುಗರು ಹಟ ಹಿಡಿದರೆ ಅವರಷ್ಟೇ ಹೋಗಿ ಬರಲಿ.

ಹೊಳೆಗೆ ಇಳಿಯಬಾರದು

ಶ್ರೀರಂಗಪಟ್ಟಣದ ಸಂಗಮ, ಪಶ್ಚಿಮವಾಹಿನಿ ಎಲ್ಲಿಯೂ ಮೊಣಕಾಲಿಗಿಂತ ಆಳಕ್ಕೆ ಕಾಲಿಡಬಾರದು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಬೆಳೆದು ಈಜು ಬಲ್ಲವರಿಗೂ ಈ ಮಾತು ಸಲ್ಲುತ್ತದೆ. ಕಾವೇರಿಯ ತಳದ ಬಂಡೆ, ಸುಳಿ ನಿಮಗೆ ಗೊತ್ತಿಲ್ಲ. ಮೇಲೆ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟಿದ್ದಾರೆಂಬುದೂ ಗೊತ್ತಿಲ್ಲ. ದಂಡೆಯಲ್ಲಿ ಕೂತು ಚೊಂಬಿನಲ್ಲಿ ತಲೆಯ ಮೇಲೆ ನೀರು ಹಾಕಿಕೊಂಡರೆ ಪುಣ್ಯ ಸಾಕಷ್ಟಾಗುತ್ತದೆ.

ಊಟ, ಔಷಧಿ, ದುಡ್ಡು

ಮೊದಲ ದಿನಕ್ಕೆ ಬುತ್ತಿ ಕಟ್ಟಿಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ ಚೆನ್ನಾಗಿ ತಡೆಯುತ್ತವೆ. ಮೊಸರನ್ನ, ಕಾಯಿಚಟ್ನಿ ಮಧ್ಯಾಹ್ನದ ಮೇಲೆ ಮುಟ್ಟಬೇಡಿ. ಉಂಡ ಜಾಗದಲ್ಲಿ ಎಲೆ, ಕವರು ಬಿಟ್ಟು ಏಳಬಾರದು. ಬಿ.ಪಿ., ಶುಗರ್ ಮಾತ್ರೆ ಮೂರು ದಿನಕ್ಕಲ್ಲ, ಐದು ದಿನಕ್ಕಾಗುವಷ್ಟಿರಲಿ, ಡಾಕ್ಟರ ಚೀಟಿಯೂ ಜೊತೆಗಿರಲಿ. ಏನೇ ತುರ್ತಾದರೂ 112ಕ್ಕೆ ಫೋನು ಮಾಡಿ. ಸರ್ಕಾರಿ ದೊಡ್ಡಾಸ್ಪತ್ರೆ ಕೆ.ಆರ್. ಆಸ್ಪತ್ರೆ, ಊರ ನಡುವೆಯೇ ಇದೆ.

ನೆಟ್‌ವರ್ಕ್ ನಂಬಿ ಬರೀ ಫೋನ್‌ಪೇಯಲ್ಲಿ ಹೋಗಬಾರದು. ನಗದನ್ನು ಮೂವರ ಹತ್ತಿರ ಹಂಚಿಡಿ. ಪ್ರತಿ ಮಗುವಿನ ಜೇಬಿನಲ್ಲಿ ಇಬ್ಬರು ದೊಡ್ಡವರ ನಂಬರು ಬರೆದ ಚೀಟಿ ಇರಲಿ, ಒದ್ದೆಯಾಗದಂತೆ ಪ್ಲಾಸ್ಟಿಕ್ ಅಂಟಿಸಿ. ಓದು ಬಾರದ ಅಜ್ಜಿಯರ ಸೆರಗಿನ ತುದಿಗೂ ಅಂಥದೇ ಒಂದು ಚೀಟಿ ಪಿನ್ ಮಾಡಿ. ಮನೆಗೆ ಬೀಗ ಹಾಕಿ ಹೊರಟವರು ಮೈಸೂರಿನಿಂದ ಸ್ಟೇಟಸ್ ಹಾಕಬಾರದು. ಫೋಟೊಗಳನ್ನು ಊರಿಗೆ ಬಂದ ಮೇಲೆ ಹಾಕಿ.

ಎಲೆ ಅಡಿಕೆ ನಮ್ಮ ಬದುಕು, ಬೇಡ ಎನ್ನಲಾಗದು. ಆದರೆ ಅರಮನೆಯ ಕಂಬದ ಬುಡದಲ್ಲಿ, ಲಾಡ್ಜಿನ ಮೆಟ್ಟಿಲ ಮೂಲೆಯಲ್ಲಿ ಉಗುಳಿದರೆ ಚನ್ನಗಿರಿಯ ಅಡಿಕೆಗೇ ಕೆಟ್ಟ ಹೆಸರು. ನೋಡುವ ಜಾಗಗಳಲ್ಲಿ ಬಾಯಿ ಖಾಲಿ ಇರಲಿ.

ಕೊಳ್ಳುವಾಗ

ಅರಮನೆಯ ಸುತ್ತ ಆಟೋದವರು ಕೆಲವರು ಕಡಿಮೆ ಬಾಡಿಗೆಗೆ ಊರು ತೋರಿಸುತ್ತೇವೆಂದು ಕರೆದು, ರೇಷ್ಮೆ, ಗಂಧದೆಣ್ಣೆಯ ಅಂಗಡಿಗಳಿಗೆ ಇಳಿಸುತ್ತಾರೆ. ಅವರಿಗೆ ಅಲ್ಲಿ ಕಮಿಷನ್. ಹೋಗಬೇಡಿ. ಮೈಸೂರು ಸಿಲ್ಕ್ ಬೇಕಿದ್ದರೆ ಕೆ.ಎಸ್.ಐ.ಸಿ.ಯ ಮಳಿಗೆಗೇ ಹೋಗಬೇಕು, ಅದರ ರೇಷ್ಮೆ ಕಾರ್ಖಾನೆ 1912ರಷ್ಟು ಹಳೆಯದು. ಎರಡು ಸಾವಿರಕ್ಕೆ ಅಸಲಿ ಮೈಸೂರು ಸಿಲ್ಕ್ ಎಂದು ಯಾರಾದರೂ ಹೇಳಿದರೆ ಅದು ಅಸಲಿಯಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ ಕೊಳ್ಳಿ. ಅದು ಬೆಳೆದವರ ಕೈ ಸೇರುವ ದುಡ್ಡು. ಹೂವು, ಎಲೆ ಕೊನೆಯ ದಿನ ಕೊಳ್ಳಿ, ಇಲ್ಲದಿದ್ದರೆ ಬಾಡುತ್ತವೆ.

ಶಾಲೆಯವರಿಗೆ

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಸತ್ತರು. ಆಮೇಲೆ ಯಾವ ಮೇಷ್ಟ್ರೂ ಮಕ್ಕಳು ಹೇಳಿದ ಮಾತು ಕೇಳಲಿಲ್ಲ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಹತ್ತು ಮಕ್ಕಳಿಗೆ ಒಬ್ಬರಂತೆ ಶಿಕ್ಷಕರಿರಲಿ, ಹೆಣ್ಣುಮಕ್ಕಳಿದ್ದರೆ ಶಿಕ್ಷಕಿಯರು ಇರಲೇಬೇಕು. ಇಲಾಖೆಯ ಅನುಮತಿ, ಪೋಷಕರ ಸಹಿ ಕೈಗೆ ಬರದೆ ಬಸ್ಸು ಹೊರಡಕೂಡದು. ಪ್ರತಿ ಜಾಗದಲ್ಲೂ ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ ಹೆಸರು ಕೂಗಿ, ತಲೆ ಎಣಿಸಿದರೆ ಸಾಲದು. ದುಡ್ಡು ಕೊಡಲಾರದ ಮಗುವನ್ನು ಬಿಟ್ಟು ಹೋಗಬಾರದು. ಊರಿನಲ್ಲಿ ಕೇಳಿ, ಅಡಿಕೆಗೆ ದರ ಸಿಕ್ಕ ಮನೆಗಳು ಇಲ್ಲ ಎನ್ನುವುದಿಲ್ಲ.

ಮರಳುವ ದಿನ

ಮಧ್ಯಾಹ್ನ ಹನ್ನೆರಡರೊಳಗೆ ಮೈಸೂರು ಬಿಡಿ. ಲಾಡ್ಜಿನ ಕೋಣೆಯಲ್ಲಿ ಚಾರ್ಜರು, ಮಕ್ಕಳ ಬಟ್ಟೆ, ಮಾತ್ರೆ ಡಬ್ಬಿ ಉಳಿದಿಲ್ಲವೆಂದು ಒಬ್ಬರು ಕಡೆಯಲ್ಲಿ ನೋಡಿ ಬೀಗ ಕೊಡಬೇಕು. ದಾರಿಯಲ್ಲಿ ಗಾಡಿ ಕೆಟ್ಟು ಹೊತ್ತಾದರೆ ಅರಸೀಕೆರೆಯಲ್ಲೋ ಕಡೂರಿನಲ್ಲೋ ಉಳಿದು ಬೆಳಿಗ್ಗೆ ಬನ್ನಿ, ಊರಿಗೆ ಫೋನು ಮಾಡಿ ತಿಳಿಸಿ.

ಊರು ಮುಟ್ಟಿದ ಮರುದಿನವೇ ಎಲ್ಲರನ್ನೂ ಕೂರಿಸಿ ಲೆಕ್ಕ ಓದಿ. ಡೀಸೆಲು, ಲಾಡ್ಜು, ಊಟ, ಟಿಕೆಟ್, ಡ್ರೈವರಿನ ಭತ್ಯೆ ಒಂದೊಂದಕ್ಕೂ ರಸೀದಿ ಇರಲಿ. ಉಳಿದ ಹಣವನ್ನು ಅಲ್ಲೇ ಎಣಿಸಿ ಹಂಚಿ.